ಡೆಲ್ಫಾ ತನ್ನ ತೋಟಾಗಳನ್ನು ವಾಪಸು ಕೇಳಿದ್ದು

ಬಿಟರ್ ಫೋರ್ಕ್ ಊರಿನಲ್ಲಿ ಬೇಟೆಗೆ ಹೊರಟವನನ್ನು ಯಾರಾದರೂ ತಡೆದು, "ಡೆಲ್ಫಾದು ಇದೆಯೇನೋ?" ಎಂದು ಕೇಳಿದರೆ ಅದು ತೋಟಾದ ವಿಚಾರ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಗಡಿಯ ತೋಟಾಗಳಿಗೆ ಕಂಪನಿಯ ಹೆಸರು, ಬಣ್ಣದ ಡಬ್ಬಿ, ಅದರ ಮೇಲೊಂದು ಕವಲುಗೊಂಬಿನ ಜಿಂಕೆಯ ಚಿತ್ರ ಎಲ್ಲ ಇರುತ್ತಿತ್ತು. ಡೆಲ್ಫಾ ರನ್ಯನ್ ತನ್ನ ಗ್ಯಾರೇಜಿನಲ್ಲಿ ಕೂತು ತುಂಬಿದ ತೋಟಾಗಳು ಮಾತ್ರ ಗೀರುಬಿದ್ದ ಹಳೇ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬರುತ್ತಿದ್ದವು. ವಯೋಮಿಂಗ್ ರಾಜ್ಯದ ಆ ಮೂಲೆಯ ಜನ ಅವನ್ನೇ ನಂಬಿ ಬೆಟ್ಟ ಹತ್ತುತ್ತಿದ್ದರು.

ತುಂಬಿಕೊಟ್ಟಿದ್ದಕ್ಕೆ ಅವಳು ಯಾರಿಂದಲೂ ದುಡ್ಡು ಮುಟ್ಟುತ್ತಿರಲಿಲ್ಲ. ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸದ ಸಾಸೇಜು, ಚೋಕ್‌ಚೆರಿ ಎಂಬ ಕಾಡುಹಣ್ಣಿನ ಜೆಲ್ಲಿಯ ಬಾಟಲಿ, ಒಂದು ಟ್ರಕ್ಕು ಸೌದೆ, ಹೀಗೆ ಏನಾದರೊಂದು ಅವಳ ಮನೆ ಬಾಗಿಲಿಗೆ ಬಂದು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದು ಒಂದೇ: ಅಕ್ಟೋಬರಿನಲ್ಲಿ ಬೆಟ್ಟದಿಂದ ಇಳಿದು ಬಂದವನು ಕಾಫಿ ಅಂಗಡಿಯಲ್ಲಿ ನಾಲ್ಕು ಜನರೆದುರು, "ಒಂದೇ ಗುಂಡು, ಡೆಲ್ಫಾದು" ಅನ್ನಬೇಕು. ಆ ಮಾತು ಕಿವಿಗೆ ಬಿದ್ದ ದಿನ ಅವಳ ನಡಿಗೆಯೇ ಬೇರೆ ಆಗುತ್ತಿತ್ತು. ಗಂಡ ಗಾರ್ತ್‌ಗೆ ಅದು ಅಡಿಗೆಮನೆ ಕಿಟಕಿಯಿಂದಲೇ ಗೊತ್ತಾಗುತ್ತಿತ್ತು.

ಜಂಬದ ಹೆಂಗಸು ಎಂದು ಕೆಲವರು ಅನ್ನುತ್ತಿದ್ದರು. ಇದ್ದರೂ ಇರಬಹುದು. ಕೂದಲು ನರೆಯುವವರೆಗೆ ಆ ಊರಿನ ಹಳದಿ ಶಾಲಾ ಬಸ್ಸನ್ನು ಓಡಿಸಿದವಳು ಅವಳು. ಹಿಮಗಾಳಿಗೆ ರಸ್ತೆಯೂ ಬೇಲಿಯೂ ಒಂದಾಗಿ ಹೋದಾಗಲೂ ಒಂದು ಮಗುವಿಗೆ ಗೀರು ಬೀಳದಂತೆ ಮನೆ ಮುಟ್ಟಿಸಿದ್ದಳು. ಈಗ ಮೀಸೆ ಬಿಟ್ಟುಕೊಂಡು ಕೋವಿ ಹಿಡಿದು ಓಡಾಡುವವರಲ್ಲಿ ಅರ್ಧದಷ್ಟು ಜನ ಅವಳ ಬಸ್ಸಿನಲ್ಲಿ ಕೂತು ಬೆಳೆದವರೇ. "ಕೂತ್ಕೋ" ಎಂದರೆ ಇವತ್ತಿಗೂ ಕೂರುತ್ತಿದ್ದರು.

ತೋಟಾ ತುಂಬುವುದನ್ನು ಅವಳು ಕಲಿತದ್ದು ತಾಯಿ ಐಯೋನ್‌ಳಿಂದ. ಹಾರಿಸಿದ ಮೇಲೆ ಉಳಿದ ಹಿತ್ತಾಳೆ ಕೊಳವೆಯನ್ನು ತೊಳೆದು, ಒತ್ತಿ ಸರಿಮಾಡಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಬೇಕು. ಒಂದೊಂದು ಕೆಲಸಕ್ಕೂ ಆ ಹಳೇ ಕಬ್ಬಿಣದ ಪ್ರೆಸ್ಸಿನ ಹಿಡಿಯನ್ನು ಒಂದೊಂದು ಸಲ ಎಳೆಯಬೇಕು. ಗುಂಡು ಕೂರಿಸುವ ಮೊದಲು ಪ್ರತಿ ಕೊಳವೆಯೊಳಗೂ ದೀಪ ಹಿಡಿದು ಮದ್ದಿನ ಮಟ್ಟ ನೋಡಬೇಕು. ಇದರಲ್ಲಿ ಐಯೋನ್ ಯಾರಿಗೂ ರಿಯಾಯಿತಿ ಕೊಟ್ಟವಳಲ್ಲ. ಡೆಲ್ಫಾಳೂ ಕೊಟ್ಟಿರಲಿಲ್ಲ.

ಬಸ್ಸಿನ ಕೆಲಸದಿಂದ ನಿವೃತ್ತಿಯಾದ ವರ್ಷ ಅವಳ ಬಲ ಭುಜ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಆಯಿತು, ಆದರೂ ಹಿಡಿ ಎಳೆದೆಳೆದು ಸಂಜೆಗೆ ಕೈ ಎತ್ತಲಾಗುತ್ತಿರಲಿಲ್ಲ. ಇದನ್ನು ನೋಡಿ ಗುರಿಗಾರರ ಕ್ಲಬ್ಬಿನವರು ಒಟ್ಟಾಗಿ ಅವಳಿಗೊಂದು ಹೊಸ ಯಂತ್ರ ತಂದುಕೊಟ್ಟರು. ಆರಿಸಿ ತರಿಸಿದವನು ಥರ್ಮನ್ ವೀಸ್. ಕುರಿ ಸಾಕುವವನು, ಅವಳದೇ ವಯಸ್ಸು, ಗುರಿಯಲ್ಲಿ ಅವಳಿಗೆ ಸಮಜೋಡಿ. ವಾರಕ್ಕೊಮ್ಮೆಯಾದರೂ ಇಬ್ಬರೂ ಮಾತಿಗೆ ಮಾತು ಬೆಳೆಸದೆ ಇರುತ್ತಿರಲಿಲ್ಲ.

"ಇದಕ್ಕೆ ನಿನ್ನ ಹಾಗೆ ಗೊಣಗೋ ಚಾಳಿ ಇಲ್ಲ ಡೆಲ್ಫಾ. ಒಂದ್ಸಲ ಎಳೆದ್ರೆ ಒಂದು ತೋಟಾ," ಎಂದು ಥರ್ಮನ್ ಯಂತ್ರದ ತಲೆ ಸವರಿದ್ದ.

ಅವನು ಹೇಳಿದ್ದು ನಿಜ. ಒಮ್ಮೆ ಹಿಡಿ ಎಳೆದರೆ ಕೆಳಗಿನ ತಟ್ಟೆ ಒಂದು ಮನೆ ತಿರುಗಿ, ಒಂದು ಕಡೆ ಕೇಪು ಕೂತು, ಒಂದು ಕಡೆ ಮದ್ದು ಬಿದ್ದು, ಒಂದು ಕಡೆ ಗುಂಡು ಕಚ್ಚಿ, ಸಿದ್ಧವಾದ ತೋಟಾ ತಟ್ಟನೆ ಬುಟ್ಟಿಗೆ ಬೀಳುತ್ತಿತ್ತು. ಡೆಲ್ಫಾಳ ಭುಜಕ್ಕೆ ಜೀವ ಬಂದಂತಾಯಿತು. ಬೇಸಿಗೆಯಿಡೀ ಅವಳು ಅದರಲ್ಲೇ ತುಂಬಿ ಊರಿಗೆಲ್ಲ ಹಂಚಿದಳು.

ಆದರೆ ಅದಕ್ಕೊಂದು ಕಾಯಿಲೆ ಇತ್ತು. ರೈಫಲ್ಲಿನ ಮದ್ದು ಪುಡಿಯಲ್ಲ, ಮುರಿದ ಶಾವಿಗೆಯ ಚೂರಿನಂತಿರುತ್ತದೆ. ಯಂತ್ರದ ಲಾಳಿಕೆಯ ಕೊರಳಿನಲ್ಲಿ ಆಗೊಮ್ಮೆ ಈಗೊಮ್ಮೆ ಆ ಚೂರುಗಳು ಅಡ್ಡಡ್ಡ ಸಿಕ್ಕಿ ನಿಲ್ಲುತ್ತಿದ್ದವು. ಹಿಡಿಯಲ್ಲಿ ಸಣ್ಣ ತಡೆ ಸಿಕ್ಕಂತಾಗುತ್ತಿತ್ತು. ಅವಳು ಕೈ ತಡೆದು, ತಟ್ಟೆ ಬಿಚ್ಚಿ, ಚೂರುಗಳನ್ನು ಕೊಡವಿ ಮುಂದುವರಿಯುತ್ತಿದ್ದಳು. ಹೀಗೇ ಆಗುತ್ತಾ ಹೋದಾಗ ಕಂಪನಿಗೆ ಫೋನು ಮಾಡಿದಳು.

ಫೋನು ಎತ್ತುವ ಮೊದಲು ಪಿಟೀಲಿನ ಸಂಗೀತ. ನಡುನಡುವೆ ಒಂದು ಹೆಣ್ಣು ದನಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು. ಡೆಲ್ಫಾ ಫೋನನ್ನು ಬೆಂಚಿನ ಮೇಲಿಟ್ಟು ಹಿತ್ತಾಳೆ ಉಜ್ಜುತ್ತಾ ಕೂತಳು. ಎಷ್ಟೋ ಹೊತ್ತಿನ ಮೇಲೆ ಬ್ರೈಸ್ ಎಂಬ ಹುಡುಗ ಬಂದ.

"ಮೇಡಂ, ಯಂತ್ರ ಬೆಂಚಿಗೆ ಭದ್ರವಾಗಿ ಕೂತಿದೆಯಾ?"

"ಬೆಂಚು ಹೋದ್ರೆ ಗ್ಯಾರೇಜೂ ಜೊತೆಗೇ ಹೋಗುತ್ತಪ್ಪ. ಅಷ್ಟು ಭದ್ರವಾಗಿದೆ."

"ಹಾಗಾದ್ರೆ ಸ್ಥಾಯೀ ವಿದ್ಯುತ್ ಇರ್ಬೇಕು ಮೇಡಂ. ಬಟ್ಟೆ ಒಣಗಿಸೋ ಮೆಷಿನ್ನಿಗೆ ಹಾಕ್ತಾರಲ್ಲ, ಆ ಘಮಘಮ ಹಾಳೆ, ಅದರಲ್ಲಿ ಲಾಳಿಕೆ ಒರೆಸಿ ನೋಡಿ."

ಒರೆಸಿದಳು. ಗ್ಯಾರೇಜು ತುಂಬ ಲ್ಯಾವೆಂಡರ್ ವಾಸನೆ ಬಂತು, ಮದ್ದು ಮಾತ್ರ ಮೊದಲಿನ ಹಾಗೇ ಸಿಕ್ಕಿಕೊಂಡಿತು. ಮತ್ತೆ ಫೋನು ಮಾಡಿದಾಗ ಹೊಸ ಲಾಳಿಕೆ ಕಳಿಸುತ್ತೇವೆ ಎಂದರು. ಬಂದದ್ದು ಪಿಸ್ತೂಲಿನ ತೋಟಾಕ್ಕೆ ಹಾಕುವಂಥದ್ದು. ಅದನ್ನು ಹೇಳಿದ್ದಕ್ಕೆ ಕ್ಷಮೆ ಕೇಳಿ ಇನ್ನೊಂದು ಕಳಿಸಿದರು, ಅದೂ ಪಿಸ್ತೂಲಿನದೇ. ಮೂರನೆಯ ಸಲ ಪಾರ್ಸೆಲ್ಲು ಬಿಚ್ಚಿದರೆ ಕಂಪನಿಯ ಹೆಸರು ಹೊತ್ತ ಒಂದು ಟೋಪಿ ಇತ್ತು. ಗಾರ್ತ್ ಅದನ್ನು ತಲೆಗೇರಿಸಿಕೊಂಡು, "ನನಗಂತೂ ಸರಿಯಾಗಿ ಕೂತಿದೆ ನೋಡು, ಎಲ್ಲೂ ಸಿಕ್ಕಿಕೊಳ್ತಿಲ್ಲ," ಎಂದ. ಡೆಲ್ಫಾ ನಗಲಿಲ್ಲ.

ಬ್ರೈಸ್ ಕೊನೆಗೆ ಹೇಳಿದ್ದು ಒಂದೇ ಮಾತು: "ಬೇರೆ ಯಾರೂ ದೂರು ಕೊಟ್ಟಿಲ್ಲ ಮೇಡಂ. ಬಹುಶಃ ನೀವು ಹಿಡಿ ಎಳೆಯೋ ರೀತೀಲಿ ಏನೋ ವ್ಯತ್ಯಾಸ ಇದೆ."

ಅವಳಿಗೆ ಆ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ತನಗೆ ಹಿಡಿ ಎಳೆಯಲು ಬರುವುದಿಲ್ಲವೇ? ಆಮೇಲೆ ಅವಳು ಕಂಪನಿಗೆ ಫೋನು ಮಾಡುವುದನ್ನೇ ಬಿಟ್ಟಳು. ಕೈಗೆ ತಡೆ ಗೊತ್ತಾಗುತ್ತದಲ್ಲ, ಗೊತ್ತಾದಾಗ ನಿಲ್ಲಿಸಿದರಾಯಿತು ಅಂದುಕೊಂಡಳು. ಓಡುವ ಯಂತ್ರವನ್ನು ಪ್ರತಿ ತೋಟಾಕ್ಕೂ ನಿಲ್ಲಿಸಿ ಕೊಳವೆಯೊಳಗೆ ದೀಪ ಹಿಡಿಯುವುದು ಯಾವಾಗ ನಿಂತುಹೋಯಿತೋ ಅವಳಿಗೇ ನೆನಪಿಲ್ಲ.

ಎಲ್ಕ್ ಬೇಟೆ ಶನಿವಾರ ಶುರುವಾಗಬೇಕಿತ್ತು; ಅದಕ್ಕೆ ಮುಂಚಿನ ಭಾನುವಾರ ಎಲ್ಲರೂ ಕೋವಿಯ ಗುರಿ ಸರಿಮಾಡಿಕೊಳ್ಳಲು ಕ್ಲಬ್ಬಿನವರು ಗುಂಡು ಹಾರಿಸುವ ಜಲ್ಲಿ ಗುಂಡಿಗೆ ಸೇರಿದ್ದರು. ಡೆಲ್ಫಾಳ ಪಕ್ಕದ ಬೆಂಚಿನಲ್ಲಿ ಬರ್ಡೆಟ್ ಕ್ಲಾಸೆನ್ ಇದ್ದ. ದನದ ಮೇವಿನ ಅಂಗಡಿಯವನು, ಮೆತ್ತನೆ ಮನುಷ್ಯ. ಅವನು ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಢಂ ಎನ್ನಬೇಕಾದ ಕಡೆ ಪುಸ್ ಎಂದಿತು. ಬರ್ಡೆಟ್ ಕೋವಿಯನ್ನೊಮ್ಮೆ ನೋಡಿ, ಭುಜ ಹಾರಿಸಿ, ಇನ್ನೊಂದು ತೋಟಾ ಏರಿಸಲು ಬೋಲ್ಟಿಗೆ ಕೈ ಹಾಕಿದ.

"ಬರ್ಡೆಟ್, ಕೈ ತೆಗಿ."

ಅದು ಬಸ್ಸಿನ ದನಿ. ಬರ್ಡೆಟ್‌ನ ಕೈ ತಾನಾಗಿಯೇ ಮೇಲೆದ್ದಿತು.

ಡೆಲ್ಫಾ ಎದ್ದು ಹೋಗಿ ಕೋವಿಯ ಬೋಲ್ಟು ಹೊರಗೆಳೆದು, ಹಿಂದಿನಿಂದ ನಳಿಗೆಯೊಳಗೆ ನೋಡಿದಳು. ಆ ತುದಿಯ ಬೆಳಕು ಕಾಣಲಿಲ್ಲ. ಮದ್ದೇ ಇಲ್ಲದೆ ಬರೀ ಕೇಪಿನ ಬಲಕ್ಕೆ ಗುಂಡು ಒಂದಿಷ್ಟು ದೂರ ಹೋಗಿ ನಳಿಗೆಯೊಳಗೆ ಕಚ್ಚಿಕೊಂಡು ಕೂತಿತ್ತು. ಅದರ ಹಿಂದೆ ಇನ್ನೊಂದನ್ನು ಹಾರಿಸಿದ್ದರೆ ನಳಿಗೆ ಬಿರಿದು ಬರ್ಡೆಟ್‌ನ ಮುಖಕ್ಕೇ ಬರುತ್ತಿತ್ತು.

"ಯಾರದು ತೋಟಾ?" ಎಂದು ಕೇಳಿದಳು. ಅವಳಿಗೆ ಉತ್ತರ ಗೊತ್ತಿತ್ತು.

ಬರ್ಡೆಟ್ ನೆಲ ನೋಡಿದ. "ನಿಂದೇ ಡೆಲ್ಫಾ. ಹೋಗ್ಲಿ ಬಿಡು, ಏನೂ ಆಗ್ಲಿಲ್ಲವಲ್ಲ. ನಾನು ಯಾರಿಗೂ ಹೇಳಲ್ಲ."

"ನಾನು ಹೇಳ್ತೀನಿ," ಎಂದಳು ಅವಳು.

ಮನೆಗೆ ಬರುವ ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಅವಳ ತಲೆ ಒಂದೇ ಕಡೆ ಓಡುತ್ತಿತ್ತು. ಬರ್ಡೆಟ್‌ನ ತೋಟಾಕ್ಕೆ ಬೀಳದ ಮದ್ದು ಎಲ್ಲಿ ಹೋಯಿತು? ಕೊರಳಿನಲ್ಲಿ ನಿಂತಿತು. ಆಮೇಲೆ? ಮುಂದಿನ ಎಳೆತಕ್ಕೆ ಸಡಿಲಗೊಂಡು, ಆ ಸಲದ ಮದ್ದಿನ ಜೊತೆಗೆ ಮುಂದಿನ ಕೊಳವೆಯೊಳಗೆ ಬಿತ್ತು. ಅಂದರೆ ಖಾಲಿ ತೋಟಾ ಒಂದಿದ್ದರೆ ಅದರ ಬೆನ್ನಿಗೆ ಹುಟ್ಟಿದ್ದು ಅತಿ ತುಂಬಿದ್ದು. ಅದು ಈಗ ಯಾರದೋ ಡಬ್ಬಿಯಲ್ಲಿದೆ, ಶನಿವಾರ ಬೆಳಗ್ಗೆ ಬೆಟ್ಟದ ಮೇಲೆ ಯಾರದೋ ಕೆನ್ನೆಯ ಪಕ್ಕ ಸಿಡಿಯಲಿದೆ.

ವಿಷಯ ಕೇಳಿದ ಗಾರ್ತ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಎಲ್ಲರಿಗೂ ಫೋನು ಮಾಡೋಣ. ಯಂತ್ರ ಕೆಟ್ಟಿದೆ, ಕಂಪನಿಯವರು ತಪ್ಪು ಮಾಡಿದಾರೆ ಅಂತ ಹೇಳು. ಸುಳ್ಳೇನಲ್ಲವಲ್ಲ."

"ಯಂತ್ರ ಕೆಟ್ಟಿದೆ. ನಾನೂ ಒಳಗೆ ನೋಡ್ಲಿಲ್ಲ. ಹೇಳೋದಾದ್ರೆ ಎರಡೂ ಹೇಳ್ತೀನಿ. ಫೋನಲ್ಲಿ ಅಲ್ಲ. ಫೋನಲ್ಲಿ ಹೂಂ ಅಂತಾರೆ, ಆಮೇಲೆ ಒಂದಾದ್ರೂ ಜೇಬಲ್ಲೇ ಉಳಿಸ್ಕೊಂಡಿರ್ತಾರೆ."

ಸೋಮವಾರದಿಂದ ಅವಳು ಮನೆಮನೆ ತಿರುಗಿದಳು. ಬೆನ್ನು ನೆಟ್ಟಗೆ, ಮುಖ ಬಿಗಿ, ಕ್ಲಬ್ಬಿನ ಪದಕ ಚುಚ್ಚಿದ ಕೋಟು. ಬಾಗಿಲು ತೆರೆದವರಿಗೆಲ್ಲ ಒಂದೇ ಮಾತು: "ನಾನು ತುಂಬಿದ ತೋಟಾದಲ್ಲಿ ತಪ್ಪಿದೆ. ಯಾವುದರಲ್ಲಿ ಅಂತ ಗೊತ್ತಿಲ್ಲ. ಈ ಬೇಸಿಗೇಲಿ ಕೊಟ್ಟಿದ್ದನ್ನೆಲ್ಲ ವಾಪಸು ಕೊಡು. ಶುಕ್ರವಾರದ ಒಳಗೆ ಬೇರೆ ತುಂಬಿ ಕೊಡ್ತೀನಿ."

ಕೆಲವರು ತಮಾಷೆ ಮಾಡಿದರು. ಆಸ್ಪತ್ರೆಯ ನರ್ಸು ಟ್ರೇಸಿ ಡಬ್ಬಿ ತಂದುಕೊಡುತ್ತಾ, "ಆಗ ಬಸ್ಸಲ್ಲಿ ನನ್ನ ಬಬಲ್‌ಗಮ್ ಕಿತ್ಕೊಂಡ್ರಿ, ಈಗ ತೋಟಾನೂ ಕಿತ್ಕೊಳ್ತೀರಾ ಮಿಸೆಸ್ ರನ್ಯನ್?" ಎಂದಳು. ಆದರೆ ಡಬ್ಬಿ ಕೊಡುವಾಗ ಡೆಲ್ಫಾಳ ಕೈಯನ್ನೊಮ್ಮೆ ಒತ್ತಿ ಹಿಡಿದಳು. ಅದನ್ನು ಡೆಲ್ಫಾ ಟ್ರಕ್ಕಿಗೆ ಬಂದು ಕೂತ ಮೇಲೂ ನೆನೆದಳು.

ಗುರುವಾರದ ಹೊತ್ತಿಗೆ ಒಬ್ಬನನ್ನು ಬಿಟ್ಟು ಎಲ್ಲರದೂ ಬಂದಿತ್ತು. ಉಳಿದವನು ಥರ್ಮನ್. ಅವನಾಗಲೇ ಕುದುರೆಯ ಮೇಲೆ ಸಾಮಾನು ಕಟ್ಟಿಕೊಂಡು ಬೆಟ್ಟದ ಮೇಲಿನ ಬೇಟೆ ಶಿಬಿರಕ್ಕೆ ಹೋಗಿಬಿಟ್ಟಿದ್ದ. ಅಲ್ಲಿ ಫೋನು ಹತ್ತುವುದಿಲ್ಲ. ಟ್ರಕ್ಕು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಡೆಲ್ಫಾ ಪೈನ್ ಮರಗಳ ನಡುವಿನ ಕಾಲುದಾರಿಯಲ್ಲಿ ನಡೆದಳು. ಭುಜಕ್ಕೆ ಊರುಗೋಲು ಹಿಡಿದರೂ ನೋವು, ಬಿಟ್ಟರೂ ನೋವು. ಡೇರೆಯ ಮುಂದೆ ಥರ್ಮನ್ ಬೇಕನ್ ಹುರಿಯುತ್ತಾ ಕೂತಿದ್ದ.

"ಓಹೋ, ಬೇಟೆಗೆ ಬಂದ್ಯಾ? ಕೋವಿ ಎಲ್ಲಿ?" ಎಂದ.

ಅವಳು ವಿಷಯ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಮುಖ ಗಂಟಿಕ್ಕಿತು.

"ಅಂದ್ರೆ ನಾನು ತಂದುಕೊಟ್ಟ ಯಂತ್ರ ಸರಿಯಿಲ್ಲ. ಊರೆಲ್ಲ ಅದನ್ನೇ ಹೇಳ್ಕೊಂಡು ಬಂದೆ."

"ಯಂತ್ರದ ಲಾಳಿಕೆ ಸರಿಯಿಲ್ಲ ಅಂತ ಹೇಳಿದೆ. ನಾನೂ ನೋಡ್ಲಿಲ್ಲ ಅಂತ ಹೇಳಿದೆ. ನಿನ್ನ ಹೆಸರು ಎತ್ತಲಿಲ್ಲ."

"ಎತ್ತದಿದ್ರೂ ಎಲ್ಲರಿಗೂ ಗೊತ್ತಲ್ಲ. ನೀನು ತುಂಬಿದ್ದು ಇವತ್ತಿನವರೆಗೆ ನನಗೆ ಒಂದೂ ಕೈಕೊಟ್ಟಿಲ್ಲ. ನಾನು ಕೊಡಲ್ಲ ಹೋಗು."

"ಸರಿ," ಎಂದು ಡೆಲ್ಫಾ ಅವನೆದುರಿನ ದಿಮ್ಮಿಯ ಮೇಲೆ ಕೂತಳು.

"ಏನು ಮಾಡ್ತಿದೀಯ?"

"ಕೂತಿದೀನಿ. ನೀನು ಬೇಟೆಗೆ ಹೋದ್ರೆ ಹಿಂದೇನೇ ಬರ್ತೀನಿ. ಗಂಟಲು ಕಿತ್ತು ಹೋಗೋ ಹಾಗೆ ಹಾಡು ಹೇಳ್ತೀನಿ. ಎಲ್ಕ್ ಹಾಗಿರ್ಲಿ, ಅಳಿಲೂ ಉಳಿಯಲ್ಲ ಈ ಬೆಟ್ಟದಲ್ಲಿ."

ಥರ್ಮನ್ ಬೇಕನ್ ತಿರುವಿ ಹಾಕಿದ. ಅವಳು ಹಾಡುವುದನ್ನು ಅವನು ಚರ್ಚಿನಲ್ಲಿ ಕೇಳಿದ್ದ. ಕೊನೆಗೆ ಎದ್ದು, ಡೇರೆಯೊಳಗಿಂದ ಡಬ್ಬಿ ತಂದು ಅವಳ ಮಡಿಲಿಗೆ ಹಾಕಿದ. ಮೇಲೆ ಎರಡು ತುಂಡು ಬೇಕನ್ನೂ ಬ್ರೆಡ್ಡಿನಲ್ಲಿಟ್ಟು ಕೊಟ್ಟ. "ತಿಂದು ಹೋಗು. ಮುಖ ಬಿಳಿಚಿದೆ."

ಸಂಜೆಗೆ ಅವಳು ಗ್ಯಾರೇಜಿನಲ್ಲಿ ಕೂತು ಥರ್ಮನ್‌ನ ತೋಟಾಗಳಿಂದ ಒಂದೊಂದೇ ಗುಂಡು ಕಿತ್ತಳು. ಬೇರೆಯವರದನ್ನೆಲ್ಲ ಆಗಲೇ ಕಿತ್ತಾಗಿತ್ತು, ಅವುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಥರ್ಮನ್‌ನ ಡಬ್ಬಿಯ ಅರ್ಧಕ್ಕೆ ಬರುವಾಗ ಒಂದು ಕೊಳವೆಯ ಮದ್ದು ತಟ್ಟೆಗೆ ಸುರಿಯಿತು, ಸುರಿಯುತ್ತಲೇ ಇತ್ತು. ಬಾಯಿಯವರೆಗೂ ತುಂಬಿ, ಮೇಲೆ ಗುಂಡು ಒತ್ತಿ ಕೂತ ತೋಟಾ ಅದು. ಅವಳು ತಕ್ಕಡಿಗೆ ಹಾಕಿ ನೋಡಿದಳು. ಆಮೇಲೆ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟಳು. ಗಾರ್ತ್ ಬಂದು ಭುಜದ ಮೇಲೆ ಕೈ ಇಟ್ಟ, ನೋವಿಲ್ಲದ ಭುಜದ ಮೇಲೆ.

ಶುಕ್ರವಾರ ಬೆಳಗ್ಗೆ ಅವಳು ತಾಯಿಯ ಹಳೇ ಪ್ರೆಸ್ಸನ್ನು ಬೆಂಚಿಗೆ ಬಿಗಿದಳು. ಅಷ್ಟು ಜನಕ್ಕೆ ಒಂದೇ ದಿನದಲ್ಲಿ ತುಂಬುವುದು ಅವಳೊಬ್ಬಳ ಕೈಯಿಂದ ಆಗುವ ಕೆಲಸವಾಗಿರಲಿಲ್ಲ. ನೆರವು ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ. ಬರ್ಡೆಟ್ ಅಂಗಡಿಗೆ ಬೀಗ ಹಾಕಿ ಬಂದು ಹಿಡಿ ಹಿಡಿದುಕೊಂಡ. ಟ್ರೇಸಿ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಕೇಪು ಕೂರಿಸಲು ನಿಂತಳು. ಮಧ್ಯಾಹ್ನಕ್ಕೆ ಗ್ಯಾರೇಜಿನ ಬಾಗಿಲಿನಲ್ಲಿ ಥರ್ಮನ್ ಕಾಣಿಸಿಕೊಂಡ. ತೋಟಾ ಇಲ್ಲದೆ ಬೆಟ್ಟದಲ್ಲಿ ಕೂತು ಏನು ಮಾಡಲಿ ಎಂದು ಗೊಣಗುತ್ತಾ ಬಂದವನಿಗೆ ಡೆಲ್ಫಾ ಆ ಮದ್ದಿನ ತಟ್ಟೆ ತೋರಿಸಿದಳು. ಕೋವಿ ಹಾರಿಸಿ ಹಾರಿಸಿ ಮುದುಕನಾದವನು ಅವನು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಂದರಲ್ಲಾ?"

"ನಿಂದರಲ್ಲೇ."

ಥರ್ಮನ್ ಕೋಟು ಬಿಚ್ಚಿ ಮೊಳೆಗೆ ಹಾಕಿದ. "ಬರ್ಡೆಟ್, ಏಳು. ನೀನು ಹಿಡಿ ಎಳೆಯೋದು ನೋಡಿದ್ರೆ ಹಸುವಿನ ಹಾಲು ಕರೆಯೋ ಹಾಗಿದೆ," ಎಂದು ಅವನ ಜಾಗದಲ್ಲಿ ಕೂತ.

ದಿನವಿಡೀ ಕೆಲಸ ನಡೆಯಿತು. ಗಾರ್ತ್ ದೊಡ್ಡ ಪಾತ್ರೆಯಲ್ಲಿ ಮಾಂಸ, ಕಾಳು ಹಾಕಿದ ಖಾರದ ಚಿಲ್ಲಿ ಬೇಯಿಸಿ, ಜೊತೆಗೆ ದಾಲ್ಚಿನ್ನಿ ರೋಲುಗಳನ್ನು ತಂದಿಟ್ಟ. ಹಿಡಿ ಯಾರು ಬೇಕಾದರೂ ಎಳೆಯಬಹುದಿತ್ತು. ಕೊಳವೆಗಳೊಳಗೆ ದೀಪ ಹಿಡಿದು ನೋಡುವ ಕೆಲಸವನ್ನು ಮಾತ್ರ ಡೆಲ್ಫಾ ಯಾರಿಗೂ ಬಿಡಲಿಲ್ಲ. ಪ್ರತಿಯೊಂದನ್ನೂ ಅವಳೇ ನೋಡಿ, "ಹೂಂ" ಎಂದ ಮೇಲೆಯೇ ಅದು ಮುಂದಕ್ಕೆ ಹೋಗುತ್ತಿತ್ತು. ಆ ಹೂಂಗಾಗಿ ಎಲ್ಲರೂ ಕೈಕಟ್ಟಿ ಕಾದರು. ಹೊತ್ತು ಮುಳುಗುವ ಮೊದಲೇ ಡಬ್ಬಿಗಳೆಲ್ಲ ಅವರವರ ಟ್ರಕ್ಕು ಸೇರಿದವು.

ನಡುವೆ ಒಮ್ಮೆ ಅವಳು ಕೈ ಒರೆಸಿಕೊಂಡು ಕಂಪನಿಗೆ ಫೋನು ಮಾಡಿದಳು. ಪಿಟೀಲು ಶುರುವಾದಾಗ ಎಲ್ಲರೂ ಕೆಲಸ ಮಾಡುತ್ತಲೇ ಕೇಳಿದರು. ಥರ್ಮನ್ ಅದಕ್ಕೆ ತಾಳ ಹಾಕಿದ. ಈ ಸಲ ಬ್ರೈಸ್ ಎತ್ತಿದಾಗ ಡೆಲ್ಫಾ ಸಿಟ್ಟು ಮಾಡಲಿಲ್ಲ.

"ನೋಡಪ್ಪ, ನನಗೆ ಲಾಳಿಕೆ ಬೇಡ, ಟೋಪಿ ಬೇಡ, ದುಡ್ಡು ವಾಪಸೂ ಬೇಡ. ಒಂದು ತೋಟಾ ಖಾಲಿ, ಒಂದು ತೋಟಾ ಡಬಲ್. ಇಬ್ಬರು ಸಾಯೋದು ತಪ್ಪಿದೆ. ಈ ಯಂತ್ರ ತಗೊಂಡಿರೋ ಬೇರೆ ಜನಕ್ಕೆ ಹೇಳೋ ಅಧಿಕಾರ ಇರೋರು ಅಲ್ಲಿ ಯಾರಿದಾರೋ ಅವರಿಗೆ ಫೋನು ಕೊಡು. ಅಲ್ಲೀವರೆಗೆ ನಾನು ಇಡಲ್ಲ."

"ಒಂದ್ನಿಮಿಷ ಮೇಡಂ," ಎಂದ. ಈ ಸಲ ಬ್ರೈಸ್‌ನ ದನಿ ಬೇರೆಯಿತ್ತು. ಪಿಟೀಲು ಬರಲಿಲ್ಲ, ಅವನು ಎದ್ದು ಓಡಿದ ಸದ್ದೇ ಕೇಳಿಸಿತು.

ಬಂದವಳು ನಡೀನ್, ಯಂತ್ರಗಳನ್ನು ಪರೀಕ್ಷಿಸುವ ವಿಭಾಗದವಳು. ಯಾವ ಮದ್ದು, ಗ್ಯಾರೇಜು ಎಷ್ಟು ತಣ್ಣಗಿದೆ, ಕೈಗೆ ತಡೆ ಯಾವ ಮಟ್ಟದಲ್ಲಿ ಸಿಗುತ್ತದೆ ಎಂದು ಅವಳು ಒಂದೊಂದಾಗಿ ಕೇಳಿದಳು. "ನಿಮ್ಮ ಲಾಳಿಕೆ ಬಿಚ್ಚಿ ನನಗೆ ಕಳಿಸ್ತೀರಾ? ಒರೆಸಬೇಡಿ, ಇದ್ದ ಹಾಗೇ ಕಳಿಸಿ," ಎಂದಳು.

"ಕಳಿಸ್ತೀನಿ. ಲ್ಯಾವೆಂಡರ್ ವಾಸನೆ ಬಂದ್ರೆ ನನ್ನ ಬೈಬೇಡಿ, ನಿಮ್ಮ ಹುಡುಗನನ್ನ ಕೇಳಿ."

ನಡೀನ್ ನಕ್ಕಳು. ಆ ಬೇಸಿಗೆಯಲ್ಲಿ ಆ ಕಂಪನಿಯ ಕಡೆಯಿಂದ ಡೆಲ್ಫಾ ಕೇಳಿದ ಮೊದಲ ನಗು ಅದು.

ಶನಿವಾರ ಬೆಟ್ಟದಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದದ್ದು ಎಲ್ಕ್‌ಗಳಿಗೆ. ಮರುದಿನ ಕಾಫಿ ಅಂಗಡಿಯಲ್ಲಿ ಬರ್ಡೆಟ್ ತನ್ನ ನಳಿಗೆಯಲ್ಲಿ ಗುಂಡು ಕಚ್ಚಿದ ಕಥೆಯನ್ನು ಎಲ್ಲರಿಗೂ ತಾನೇ ಹೇಳಿದ. ಮುಂದಿನ ವರ್ಷ ಬೇರೆಯವರ ತೋಟಾ ತಗೊಳ್ತೀಯಾ ಎಂದು ಹೊರಗಿನವನೊಬ್ಬ ಕೇಳಿದಾಗ ಉತ್ತರ ಕೊಟ್ಟವನು ಥರ್ಮನ್. "ತಪ್ಪಾಯ್ತು ಅಂತ ಬೆಟ್ಟ ಹತ್ತಿ ಬಂದು ಹೇಳೋರು ಇನ್ನೊಬ್ಬರಿದ್ರೆ ತೋರಿಸಪ್ಪ, ಅವರದೂ ತಗೋತೀವಿ."

ಎರಡು ವಾರದ ಮೇಲೆ ನಡೀನ್‌ಳ ಫೋನು ಬಂತು. ಆ ಹೊತ್ತಿಗೆ ಡೆಲ್ಫಾ ಶೆಡ್ಡಿನಲ್ಲಿ ತಾನೇ ಹೊಡೆದ ಎಲ್ಕನ್ನು ತೂಗುಹಾಕಿ ಮಾಂಸ ಬಿಡಿಸುತ್ತಿದ್ದಳು. ಮೊಣಕೈವರೆಗೂ ರಕ್ತ. ಗಾರ್ತ್ ಫೋನನ್ನು ಅವಳ ಕಿವಿಗೆ ಹಿಡಿದು ನಿಂತ. ಲಾಳಿಕೆಯ ಕೊರಳಿನ ಒಳಗೋಡೆ ಒಟ್ಟಿಗೆ ತಯಾರಾದ ಒಂದಿಷ್ಟು ಯಂತ್ರಗಳಲ್ಲಿ ಒರಟಾಗಿ ಉಳಿದಿತ್ತು, ಕೊಂಡವರೆಲ್ಲರಿಗೂ ಎಚ್ಚರಿಕೆ ಕಳಿಸಿಯಾಗಿದೆ ಎಂದಳು ನಡೀನ್. ಇನ್ನೂ ಇಬ್ಬರ ಯಂತ್ರದಲ್ಲಿ ಹೀಗೇ ಆಗುತ್ತಿತ್ತಂತೆ, ಅವರು ಫೋನು ಮಾಡಿ ಮಾಡಿ ಸಾಕಾಗಿ ಬಿಟ್ಟಿದ್ದರಂತೆ.

"ಹೊಸ ಲಾಳಿಕೆ ಮಾಡಿದೀವಿ ಡೆಲ್ಫಾ. ಪೇಟೆಗೆ ಬಿಡೋ ಮೊದಲು ನೀವೊಮ್ಮೆ ಓಡಿಸಿ ನೋಡ್ತೀರಾ? ಈ ವಾರಾನೇ ಕಳಿಸ್ತೀನಿ."

ಡೆಲ್ಫಾ ಚಾಕುವನ್ನು ಕಲ್ಲಿಗೆ ಎರಡು ಸಲ ಉಜ್ಜಿದಳು.

"ನೋಡ್ತೀನಿ. ಒಳಗೆ ದೀಪ ಹಿಡಿದೇ ನೋಡ್ತೀನಿ. ಆದ್ರೆ ಈ ವಾರ ಆಗಲ್ಲ ಕಣಮ್ಮ. ಮಾಂಸ ಇದೆ, ಅದಾದ ಮೇಲೆ ಸಾಸೇಜು ಇದೆ. ನೀವೇ ಸ್ವಲ್ಪ ಕಾಯ್ಬೇಕಾಗುತ್ತೆ."

"ಕಾಯ್ತೀನಿ," ಎಂದಳು ನಡೀನ್.

ಗಾರ್ತ್ ಫೋನು ಜೇಬಿಗಿಟ್ಟುಕೊಂಡು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮಾಂಸದ ಕಡೆ ತಿರುಗಿದ್ದಳು. "ಆ ದೊಡ್ಡ ಪಾತ್ರೆ ತಾ," ಎಂದಳು.